ವಿಚ್ಛೇದನದ ವಕೀಲರ ಬಳಿ ಹೋಗುವ ಮೊದಲು

(ಊರಿನ ಗ್ರಂಥಾಲಯದ ಸಭಾಂಗಣದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ. ಡೈವೋರ್ಸ್ ಬಗ್ಗೆ ಮಾತು ಅಂದರೆ ಇಷ್ಟು ಜನ ಬರುತ್ತೀರಿ ಅಂದುಕೊಂಡಿರಲಿಲ್ಲ. "ನಮಗಲ್ಲ ಮೇಡಂ, ಗೊತ್ತಿರೋರಿಗೆ ಬೇಕಿತ್ತು" ಅಂತ ಬಾಗಿಲಲ್ಲೇ ಕೆಲವರು ಹೇಳಿದರು. ಆಗಲಿ, ಗೊತ್ತಿರುವವರಿಗೇ ಹೇಳಿ.

ನನ್ನ ಕಚೇರಿಗೆ ಬಂದವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಕೇಳುವುದು ಒಂದೇ ಪ್ರಶ್ನೆ. "ಎಷ್ಟು ದಿನದಲ್ಲಿ ಆಗುತ್ತೆ?" ನಾನು ತಿರುಗಿ ಕೇಳುವುದೂ ಒಂದೇ. ವಿಚ್ಛೇದನ ಇಬ್ಬರಿಗೂ ಬೇಕೋ, ಒಬ್ಬರಿಗೆ ಮಾತ್ರ ಬೇಕೋ? ಇದಕ್ಕೆ ಉತ್ತರ ಸಿಗದೆ ಮುಂದಿನ ಯಾವ ಲೆಕ್ಕವೂ ಹಾಕೋಕೆ ಬರುವುದಿಲ್ಲ.

ಅದಕ್ಕೂ ಮೊದಲು ಬಾಂಡ್ ಪೇಪರಿನ ವಿಷಯ ಹೇಳಿಬಿಡುತ್ತೇನೆ. ಹಿರಿಯರು ಸೇರಿ ಪಂಚಾಯ್ತಿ ಮಾಡಿ, ಛಾಪಾ ಕಾಗದದ ಮೇಲೆ "ಇನ್ನು ಮುಂದೆ ನಮಗೂ ನಿಮಗೂ ಸಂಬಂಧವಿಲ್ಲ" ಅಂತ ಬರೆಸಿ, ನೋಟರಿ ಸೀಲು ಹಾಕಿಸಿ ಕೈತೊಳೆದುಕೊಳ್ಳುವುದು ನಮ್ಮಲ್ಲಿ ಇವತ್ತಿಗೂ ಇದೆ. ಅದು ವಿಚ್ಛೇದನವಲ್ಲ. ನೋಟರಿಗೆ ಮದುವೆ ಮುರಿಯುವ ಅಧಿಕಾರ ಯಾವ ಕಾನೂನೂ ಕೊಟ್ಟಿಲ್ಲ. ಕೆಲವು ಸಮುದಾಯಗಳಲ್ಲಿ ರೂಢಿಯಂತೆ ಬಿಡುಗಡೆ ಮಾಡಿಕೊಳ್ಳುವುದುಂಟು, ಉತ್ತರ ಕರ್ನಾಟಕದ ಕಡೆ ಸೋಡಚೀಟಿ ಅನ್ನುತ್ತಾರೆ. ಹಿಂದೂ ವಿವಾಹ ಕಾಯ್ದೆಯ 29ನೇ ಸೆಕ್ಷನ್ ಅಂಥ ರೂಢಿಗೆ ಜಾಗ ಬಿಟ್ಟಿದೆ, ನಿಜ. ಆದರೆ ನಮ್ಮಲ್ಲಿ ಆ ರೂಢಿ ಇದೆ ಎನ್ನುವವರೇ ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಸಾಬೀತು ಮಾಡಲಾಗದಿದ್ದರೆ ಎರಡನೇ ಮದುವೆಯೇ ಅಸಿಂಧು. ಆ ಹೊಸ ಹೆಂಡತಿಯ ಗತಿ ಏನು, ಯೋಚನೆ ಮಾಡಿ.

ಯಾರಿಗೆ ಯಾವ ಕಾನೂನು? ಹಿಂದೂಗಳಿಗೆ, ಜೈನರಿಗೆ, ಬೌದ್ಧರಿಗೆ, ಸಿಖ್ಖರಿಗೆ 1955ರ ಹಿಂದೂ ವಿವಾಹ ಕಾಯ್ದೆ. ವೀರಶೈವ, ಲಿಂಗಾಯತ ಎಂಬ ಹೆಸರುಗಳು ಆ ಕಾಯ್ದೆಯೊಳಗೇ ಇವೆ. ಕ್ರೈಸ್ತರಿಗೆ 1869ರ ಕಾಯ್ದೆ. ಮುಸ್ಲಿಂ ಹೆಣ್ಣುಮಕ್ಕಳಿಗೆ 1939ರ ಕಾಯ್ದೆ ಇದೆ, ಹೆಂಡತಿಯೇ ಬಿಡುಗಡೆ ಕೇಳುವ ಖುಲಾ, ಇಬ್ಬರೂ ಒಪ್ಪಿ ಬೇರೆಯಾಗುವ ಮುಬಾರತ್ ಕೂಡ ಇವೆ. ರಿಜಿಸ್ಟ್ರಾರ್ ಮುಂದೆ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ 1954ರ ಕಾಯ್ದೆ. ನಾನು ಇವತ್ತು ಹೆಚ್ಚಾಗಿ ಮೊದಲನೆಯದರ ಬಗ್ಗೆಯೇ ಮಾತಾಡುತ್ತೇನೆ. ಉಳಿದವರು ಮಾತು ಮುಗಿದ ಮೇಲೆ ಸಿಗಿ.

ಇಬ್ಬರಿಗೂ ಬೇಕು ಅಂದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್. ಪರಸ್ಪರ ಒಪ್ಪಿಗೆಯ ವಿಚ್ಛೇದನ. ಅರ್ಜಿ ಹಾಕುವ ಹೊತ್ತಿಗೆ ಕನಿಷ್ಠ ಒಂದು ವರ್ಷ ಬೇರೆ ಬೇರೆ ಇರಬೇಕು. ಬೇರೆ ಅಂದರೆ ಬೇರೆ ಮನೆಯೇ ಆಗಬೇಕಿಲ್ಲ. ಒಂದೇ ಸೂರಿನಡಿ ಇದ್ದೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಅದೂ ಬೇರೆಯೇ. ಇದನ್ನು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಮೊದಲ ಅರ್ಜಿಯಾದ ಮೇಲೆ 6 ತಿಂಗಳು ಕಾಯಬೇಕು, 18 ತಿಂಗಳೊಳಗೆ ಇಬ್ಬರೂ ಮತ್ತೆ ಬಂದು "ಹೌದು, ನಮಗೆ ಈಗಲೂ ಬೇಕು" ಅನ್ನಬೇಕು. ಈ 6 ತಿಂಗಳನ್ನು ಮನ್ನಾ ಮಾಡಬಹುದು ಅಂತ 2017ರಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ತೀರ್ಪು ಬಂತು. ಅಂದಮಾತ್ರಕ್ಕೆ ಕೇಳಿದವರಿಗೆಲ್ಲ ಮನ್ನಾ ಇಲ್ಲ. ಬೇರೆಯಾಗಿ ಒಂದೂವರೆ ವರ್ಷ ಕಳೆದಿರಬೇಕು, ರಾಜಿಯ ಪ್ರಯತ್ನ ಮುರಿದುಬಿದ್ದಿರಬೇಕು, ಜೀವನಾಂಶ ಮತ್ತು ಮಕ್ಕಳ ವಿಷಯ ಇತ್ಯರ್ಥವಾಗಿರಬೇಕು. ಎಲ್ಲ ಕೂಡಿಬಂದರೆ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ ಆಗುವವರೆಗೆ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತಗೊಳ್ಳಬಹುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಬ್ಬರಿಗೆ ಮಾತ್ರ ಬೇಕು ಅಂದರೆ ಕಾರಣ ತೋರಿಸಬೇಕು. ಕ್ರೌರ್ಯ, 2 ವರ್ಷ ಬಿಟ್ಟುಹೋಗಿರುವುದು, ಬೇರೆಯವರ ಜೊತೆ ಸಂಬಂಧ, ಮತಾಂತರ, ಗಂಭೀರ ಮಾನಸಿಕ ಕಾಯಿಲೆ ಹೀಗೆ ಪಟ್ಟಿ ಇದೆ. ಮೊದಲು ಕುಷ್ಠರೋಗವೂ ಇತ್ತು, 2019ರಲ್ಲಿ ತೆಗೆದರು. "ಹೊಂದಾಣಿಕೆ ಆಗ್ತಿಲ್ಲ", "ಮನಸ್ಸು ಮುರಿದಿದೆ" ಅನ್ನುವುದು ಆ ಪಟ್ಟಿಯಲ್ಲಿಲ್ಲ. 2023ರಲ್ಲಿ ಶಿಲ್ಪಾ ಶೈಲೇಶ್ ಪ್ರಕರಣದಲ್ಲಿ, ಮತ್ತೆ ಸರಿಹೋಗದಷ್ಟು ಮುರಿದ ಮದುವೆಯನ್ನು ಸುಪ್ರೀಂ ಕೋರ್ಟ್ ಸಂವಿಧಾನದ 142ನೇ ವಿಧಿಯಡಿ ರದ್ದು ಮಾಡಬಹುದು ಎಂದು ತೀರ್ಮಾನವಾಯಿತು. ಪೇಪರಿನಲ್ಲಿ ಓದಿ ಬಹಳ ಜನ ಖುಷಿಪಟ್ಟರು. ಆದರೆ ಅದು ಸುಪ್ರೀಂ ಕೋರ್ಟಿನ ಅಧಿಕಾರ. ನಿಮ್ಮ ಜಿಲ್ಲೆಯ ಕೌಟುಂಬಿಕ ನ್ಯಾಯಾಲಯಕ್ಕೆ ಅದಿಲ್ಲ. ಅಲ್ಲಿ ಸಾಕ್ಷಿ, ಪಾಟೀಸವಾಲು, ಮುಂದಿನ ತಾರೀಖು, ಅದರ ಮುಂದಿನ ತಾರೀಖು. ವರ್ಷಗಳೇ ಹಿಡಿಯುತ್ತವೆ.

ಈಗ ವಕೀಲರ ವಿಷಯ. ಇದಕ್ಕೇ ಬಂದಿದ್ದೀರಿ ಅಲ್ವಾ?

ಮೊಬೈಲಿನಲ್ಲಿ ಹುಡುಕಿದರೆ "ನಂಬರ್ ಒನ್ ಡೈವೋರ್ಸ್ ಲಾಯರ್", "ಗ್ಯಾರಂಟಿ" ಅಂತೆಲ್ಲ ಬರುತ್ತದೆ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವ ಹಾಗಿಲ್ಲ, ಕೇಸು ಕೊಡಿ ಅಂತ ಜನರ ಬೆನ್ನುಬೀಳುವ ಹಾಗಿಲ್ಲ. ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ಎನ್‌ರೋಲ್‌ಮೆಂಟ್ ವಿವರದಂಥ ಮೂಲ ಮಾಹಿತಿ ಹಾಕಿಕೊಳ್ಳಬಹುದು, ಅಷ್ಟೇ. ಹಾಗಾಗಿ ಜೋರಾಗಿ ಕೂಗುವವರನ್ನು ಕಂಡರೆ ನಾನು ಸ್ವಲ್ಪ ದೂರ ನಿಲ್ಲುತ್ತೇನೆ. ಕೋರ್ಟಿನ ಗೇಟಿನ ಹತ್ತಿರ "ಯಾರು ಬೇಕಮ್ಮಾ, ಡೈವೋರ್ಸಾ?" ಅಂತ ಕೇಳುವವರ ಹಿಂದೆಯೂ ಹೋಗಬೇಡಿ.

ಬದಲಿಗೆ ಹೀಗೆ ಮಾಡಿ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ವಕೀಲರ ಹೆಸರು ಕೊಟ್ಟು ಹುಡುಕಬಹುದು. ಜಿಲ್ಲೆ ಆರಿಸಿ, ಕೋರ್ಟ್ ಆರಿಸಿ, ಹೆಸರು ಹಾಕಿ. ಅವರು ನಡೆಸುತ್ತಿರುವ ಕೇಸುಗಳ ಪಟ್ಟಿ ಬರುತ್ತದೆ. ಅದರಲ್ಲಿ ಎಂ.ಸಿ. ಅಂತ ಶುರುವಾಗುವ ನಂಬರುಗಳು ಮದುವೆಗೆ ಸಂಬಂಧಿಸಿದವು. ಬರೀ ಜಮೀನಿನ ದಾವೆಗಳೇ ಇದ್ದರೆ ಅವರು ಒಳ್ಳೆಯ ವಕೀಲರೇ ಇರಬಹುದು, ನಿಮ್ಮ ಕೆಲಸಕ್ಕೆ ಅಲ್ಲ. ಹೆಚ್ಚಿನವರು ತಂದೆಯ ಕಾಲದ ಜಮೀನಿನ ಲಾಯರ್ ಹತ್ತಿರವೇ ಮಗಳ ಡೈವೋರ್ಸಿಗೂ ಹೋಗುತ್ತಾರೆ. ಪರಿಚಯದ ದಾಕ್ಷಿಣ್ಯ. ಅವರನ್ನು ಬೇಕಾದರೆ ಒಂದು ಹೆಸರು ಸೂಚಿಸಿ ಅಂತ ಕೇಳಿ, ಒಳ್ಳೆಯ ಸಲಹೆ ಅಲ್ಲಿಂದಲೇ ಸಿಗುತ್ತದೆ.

ಮೊದಲ ಭೇಟಿಗೆ ಹೋಗುವಾಗ ಏನು ತಗೊಂಡು ಹೋಗಬೇಕು? ಲಗ್ನಪತ್ರಿಕೆ, ಮದುವೆ ಫೋಟೊ, ನೋಂದಣಿಯಾಗಿದ್ದರೆ ಆ ಪ್ರಮಾಣಪತ್ರ, ಇಬ್ಬರ ಆಧಾರ್, ಮಕ್ಕಳ ಜನನ ಪ್ರಮಾಣಪತ್ರ, ಸಂಬಳದ ಚೀಟಿ, ಮನೆ ಸಾಲದ ಕಾಗದ. ಒಡವೆಯ ಬಿಲ್ಲುಗಳಿದ್ದರೆ ಅವೂ ಇರಲಿ. ಜೊತೆಗೆ ಒಂದು ಹಾಳೆಯಲ್ಲಿ ತಾರೀಖುಗಳನ್ನು ಬರೆದುಕೊಳ್ಳಿ. ಮದುವೆ ಯಾವಾಗ, ಎಲ್ಲಿ. ಕೊನೆಯ ಸಲ ಜೊತೆಗಿದ್ದದ್ದು ಯಾವ ಊರಿನಲ್ಲಿ. ತವರಿಗೆ ಬಂದದ್ದು ಯಾವಾಗ. ಇದು ಸುಮ್ನೆ ಹೇಳುತ್ತಿಲ್ಲ. ಕೇಸು ಎಲ್ಲಿ ಹಾಕಬೇಕು ಅನ್ನುವುದು ಇದರಿಂದಲೇ ತೀರ್ಮಾನವಾಗುವುದು. ಮದುವೆಯಾದ ಊರು, ಎದುರಿನವರು ಇರುವ ಊರು, ಕೊನೆಗೆ ಜೊತೆಗಿದ್ದ ಊರು, ಈ ಮೂರರಲ್ಲಿ ಎಲ್ಲಿ ಬೇಕಾದರೂ ಹಾಕಬಹುದು. ಹೆಂಡತಿ ಅರ್ಜಿದಾರಳಾದರೆ ತಾನು ಈಗ ಇರುವ ಊರಿನಲ್ಲೇ ಹಾಕಬಹುದು. 2003ರ ತಿದ್ದುಪಡಿಯಿಂದ ಬಂದ ಹಕ್ಕು ಇದು. ಬೀದರಿನ ತವರಿನಲ್ಲಿರುವ ಹುಡುಗಿ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದ ಕೌಟುಂಬಿಕ ನ್ಯಾಯಾಲಯಕ್ಕೆ ಅಲೆಯಬೇಕಿಲ್ಲ.

ಮೊದಲ ಅರ್ಧ ಗಂಟೆಯಲ್ಲಿ ವಕೀಲರು ಏನು ಕೇಳುತ್ತಾರೆ ಅಂತ ಗಮನಿಸಿ. ಮಕ್ಕಳು ಎಲ್ಲಿದ್ದಾರೆ, ಖರ್ಚಿಗೆ ಏನು ಮಾಡುತ್ತಿದ್ದೀರಿ, ರಾಜಿಗೆ ದಾರಿ ಇದೆಯಾ ಅಂತ ಕೇಳಿದರೆ ಒಳ್ಳೆಯದು. ಕಥೆ ಪೂರ್ತಿ ಕೇಳುವ ಮೊದಲೇ "ಮೊದಲು ಒಂದು ವರದಕ್ಷಿಣೆ ಕೇಸು, ಆಮೇಲೆ ಡಿ.ವಿ. (ಕೌಟುಂಬಿಕ ದೌರ್ಜನ್ಯದ ಕೇಸು), ಆಮೇಲೆ ಜೀವನಾಂಶ, ಅವರಪ್ಪ ಅಮ್ಮನನ್ನೂ ಸೇರಿಸೋಣ" ಅಂತ ಬೆರಳು ಮಡಚುತ್ತಾ ಹೋದರೆ ಎದ್ದು ಬನ್ನಿ. ಹಿಂಸೆ ನಡೆದಿದ್ದರೆ ಕೇಸು ಹಾಕಲೇಬೇಕು, ಆ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ನಡೆಯದ್ದನ್ನು ಬರೆದರೆ ಪಾಟೀಸವಾಲಿನಲ್ಲಿ ಅದು ನಿಮ್ಮ ನಿಜವಾದ ಮಾತನ್ನೂ ಮುಳುಗಿಸುತ್ತದೆ. ಗಂಡಸರ ಕಡೆಯ ವಕೀಲರಲ್ಲೂ ಇದೇ ಚಾಳಿ ಇದೆ. ಜೀವನಾಂಶ ತಪ್ಪಿಸಬೇಕೆಂದು ಹೆಂಡತಿಯ ನಡತೆಯ ಮೇಲೆ ಒಂದು ಪ್ಯಾರಾ ಸೇರಿಸಿಬಿಡುತ್ತಾರೆ. ಆ ಪ್ಯಾರಾ ಓದಿದ ದಿನ ರಾಜಿಯ ಬಾಗಿಲು ಮುಚ್ಚುತ್ತದೆ.

ಫೀಸು. ಬಾಯಿಬಿಟ್ಟು ಕೇಳಿ, ನಾಚಿಕೆ ಬೇಡ. ಒಟ್ಟು ಕೇಸಿಗೋ, ಪ್ರತಿ ತಾರೀಖಿಗೋ? ಮಧ್ಯಂತರ ಅರ್ಜಿಗಳಿಗೆ ಬೇರೆಯೋ? ಟೈಪಿಂಗ್, ಗುಮಾಸ್ತರ ಖರ್ಚು ಸೇರಿದೆಯೋ? ಕೋರ್ಟಿಗೆ ಬರುವುದು ಅವರೋ, ಜೂನಿಯರ್ರೋ? ಬರೆದು ಕೊಡಿ ಅನ್ನಿ, ಕೊಟ್ಟ ದುಡ್ಡಿಗೆ ರಸೀದಿ ಕೇಳಿ. ಬರುವ ಜೀವನಾಂಶದಲ್ಲಿ ಇಷ್ಟು ಪರ್ಸೆಂಟ್ ಕೊಡಿ ಅಂತ ಯಾರಾದರೂ ಕೇಳಿದರೆ ಅದು ನೇರವಾಗಿ ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ನಿಮ್ಮ ಪರ ಕೇಸು ನಡೆಸಲು ಅಧಿಕಾರ ಕೊಡುವ ವಕಾಲತ್ತಿಗೆ ಸಹಿ ಹಾಕಿ, ಖಾಲಿ ಹಾಳೆಗೆ ಹಾಕಬೇಡಿ. "ಪದೇ ಪದೇ ಬರೋದು ತಪ್ಪುತ್ತೆ" ಅನ್ನುತ್ತಾರೆ. ತಪ್ಪದಿದ್ದರೂ ಪರವಾಗಿಲ್ಲ, ಬನ್ನಿ.

ದುಡ್ಡಿಲ್ಲದವರು ಏನು ಮಾಡಬೇಕು? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತ ವಕೀಲರು ಸಿಗುತ್ತಾರೆ. ಹೆಂಗಸರ ಆದಾಯ ಎಷ್ಟು ಅಂತ ನೋಡುವ ಹಾಗೇ ಇಲ್ಲ. ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ತಾಲ್ಲೂಕಿನಲ್ಲಿ ಸಮಿತಿ ಇದೆ. ಫೋನ್ ಮಾಡುವುದಾದರೆ 15100. ಉಚಿತ ವಕೀಲರೆಂದರೆ ಕಳಪೆ ಅಂತ ಒಂದು ಭಾವನೆ ಇದೆ. ಆ ಪಟ್ಟಿಯಲ್ಲಿ ತುಂಬಾ ಶ್ರದ್ಧೆಯಿಂದ ಕೆಲಸ ಮಾಡುವವರನ್ನು ನಾನು ನೋಡಿದ್ದೇನೆ. ಬದಲಿಸಿಕೊಡಿ ಅಂತ ಕೇಳುವುದಕ್ಕೂ ಅವಕಾಶವಿದೆ.

ಇನ್ನು ರಾಜಿ ಪತ್ರ. ನನ್ನನ್ನು ಕೇಳಿದರೆ ವಿಚ್ಛೇದನದ ವಕೀಲರ ನಿಜವಾದ ಕೈಚಳಕ ಕಾಣುವುದು ಇಲ್ಲೇ. ವಾದದಲ್ಲಲ್ಲ. ಡಿಕ್ರಿ ಅನ್ನುವುದು ಕೆಲವೇ ಹಾಳೆ, ಮದುವೆ ರದ್ದಾಗಿದೆ ಅನ್ನುತ್ತದೆ. ಮುಂದಿನ ಹತ್ತು ಹದಿನೈದು ವರ್ಷ ನೀವು ಬದುಕುವುದು ರಾಜಿ ಪತ್ರದ ಷರತ್ತುಗಳ ಪ್ರಕಾರ.

ಕೆಟ್ಟ ರಾಜಿ ಪತ್ರದ ಒಂದು ಸಾಲು ಹೀಗಿರುತ್ತದೆ: "ಒಂದನೇ ಅರ್ಜಿದಾರರು ಎರಡನೇ ಅರ್ಜಿದಾರರಿಗೆ ಶಾಶ್ವತ ಜೀವನಾಂಶವಾಗಿ 10 ಲಕ್ಷ ರೂಪಾಯಿ ಕೊಡಲು ಒಪ್ಪಿರುತ್ತಾರೆ." ಓದೋಕೆ ಚೆನ್ನಾಗಿದೆ. ಯಾವಾಗ ಕೊಡುತ್ತಾರೆ? ಹೇಗೆ? ಕೊಡದಿದ್ದರೆ? ಇದೇ ಸಾಲನ್ನು ಅನುಭವಿ ವಕೀಲರು ಬೇರೆ ಥರ ಬರೆಯುತ್ತಾರೆ. 4 ಲಕ್ಷ ಮೊದಲ ಅರ್ಜಿಯ ದಿನ ಡಿ.ಡಿ. ಮೂಲಕ, ಉಳಿದ 6 ಲಕ್ಷದ ಡಿ.ಡಿ. ಎರಡನೇ ಹೇಳಿಕೆಯ ದಿನ ನ್ಯಾಯಾಧೀಶರ ಮುಂದೆ ಕೈಗೆ ಕೊಟ್ಟ ಮೇಲೆಯೇ ಹೇಳಿಕೆ ದಾಖಲು. ಒಪ್ಪಿಗೆ ವಾಪಸ್ ತಗೊಳ್ಳಬಹುದು ಅಂತ ಆಗಲೇ ಹೇಳಿದೆನಲ್ಲ, ಇದು ಅದಕ್ಕೆ. ದುಡ್ಡು ಪೂರ್ತಿ ಮೊದಲೇ ಕೊಟ್ಟುಬಿಟ್ಟರೆ ಗಂಡನಿಗೆ ಭಯ, ಕೊನೆಗೆ ಕೊಡುತ್ತೇನೆ ಅಂದರೆ ಹೆಂಡತಿಗೆ ಭಯ. ಕಂತು ಮಾಡಿದರೆ ಇಬ್ಬರಿಗೂ ನೆಮ್ಮದಿ.

ಒಡವೆಯೂ ಹಾಗೇ. "ಒಡವೆಗಳನ್ನು ಹಿಂದಿರುಗಿಸಲಾಗಿದೆ" ಅಂತ ಬರೆಯಬೇಡಿ. ಎರಡೆಳೆ ಅವಲಕ್ಕಿ ಸರ ಇಷ್ಟು ಗ್ರಾಂ, ಬಳೆ ನಾಲ್ಕು ಇಷ್ಟು ಗ್ರಾಂ ಅಂತ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ. ಮನೆ ಜಂಟಿ ಹೆಸರಿನಲ್ಲಿದ್ದರೆ ರಾಜಿ ಪತ್ರ ಒಂದೇ ಸಾಲದು. ಹಕ್ಕು ಬಿಡುಗಡೆ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಯಾವ ದಿನದೊಳಗೆ ನೋಂದಣಿ ಮಾಡಿಸಬೇಕು, ಖರ್ಚು ಯಾರದು, ಅದೂ ಬರಲಿ. ಸಾಲ ಜಂಟಿಯಾಗಿದ್ದರೆ ಬ್ಯಾಂಕಿಗೆ ನಿಮ್ಮ ಡೈವೋರ್ಸಿನ ಜೊತೆ ಸಂಬಂಧವಿಲ್ಲ. ಕಂತು ತಪ್ಪಿದರೆ ಇಬ್ಬರಿಗೂ ನೋಟಿಸ್ ಬರುತ್ತದೆ. ಮಕ್ಕಳ ಬಗ್ಗೆ "ಭೇಟಿಗೆ ಅವಕಾಶವಿರುತ್ತದೆ" ಅಂತ ಬರೆದರೆ ಪ್ರತಿ ಭಾನುವಾರವೂ ಜಗಳ. ಯಾವ ವಾರ, ಎಷ್ಟು ಗಂಟೆಗೆ, ಎಲ್ಲಿ ಬಿಡುವುದು, ದಸರಾ ರಜೆ ಯಾರ ಹತ್ತಿರ, ಬೇಸಿಗೆ ರಜೆಯ ಅರ್ಧ ಯಾರ ಹತ್ತಿರ, ಸ್ಕೂಲ್ ಫೀಸು ಯಾರು ಕಟ್ಟುತ್ತಾರೆ, ಪಾಸ್‌ಪೋರ್ಟಿಗೆ ಸಹಿ ಯಾರು ಹಾಕುತ್ತಾರೆ. ಎಲ್ಲವೂ ಬೇಕು.

ಕ್ರಿಮಿನಲ್ ಕೇಸು ಬಾಕಿ ಇದ್ದರೆ ಇನ್ನೊಂದು ಹೆಜ್ಜೆ ಇದೆ. ಗಂಡ, ಗಂಡನ ಮನೆಯವರ ಕ್ರೌರ್ಯಕ್ಕೆ ಹಾಕುವ ಕೇಸು, ಹಳೆಯ ದಂಡ ಸಂಹಿತೆಯಲ್ಲಿ 498ಎ, ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್. ಇದನ್ನು ಠಾಣೆಗೆ ಹೋಗಿ "ರಾಜಿಯಾಗಿದೆ" ಅಂದರೆ ಮುಗಿಯುವುದಿಲ್ಲ. ಹೈಕೋರ್ಟಿಗೆ ಅರ್ಜಿ ಹಾಕಿ ರದ್ದು ಮಾಡಿಸಬೇಕು. ಬೆಂಗಳೂರು, ಧಾರವಾಡ, ಕಲಬುರಗಿ, ನಿಮ್ಮ ಜಿಲ್ಲೆ ಯಾವ ಪೀಠಕ್ಕೆ ಸೇರುತ್ತದೋ ಅಲ್ಲಿ. ಆ ಅರ್ಜಿಗೆ ಎದುರಿನವರು ಸಹಕರಿಸುತ್ತಾರೆ ಅನ್ನುವ ಷರತ್ತು ರಾಜಿ ಪತ್ರದಲ್ಲಿ ಇರಲೇಬೇಕು.

ಇಬ್ಬರಿಗೂ ಸೇರಿ ಒಬ್ಬರೇ ವಕೀಲರು ಸಾಕಾ? ಖರ್ಚು ಉಳಿಯುತ್ತೆ ಅಂತ ಬಹಳ ಜನ ಹಾಗೇ ಮಾಡುತ್ತಾರೆ. ಕೊಡುವುದು, ತಗೊಳ್ಳುವುದು ಏನೂ ಇಲ್ಲದಿದ್ದರೆ ನಡೆಯುತ್ತದೆ. ಮಕ್ಕಳಿದ್ದರೆ, ಆಸ್ತಿ ಇದ್ದರೆ, ಸಹಿಗೆ ಮುಂಚೆ ಆ ಕರಡನ್ನು ಬೇರೆ ವಕೀಲರಿಗೆ ತೋರಿಸಿ. ಒಂದು ಸಲದ ಸಲಹೆಯ ಫೀಸಿನಲ್ಲಿ ಆಗುವ ಕೆಲಸ.

ಜೀವನಾಂಶದ ಬಗ್ಗೆ ತಪ್ಪು ಕಲ್ಪನೆಗಳು ಜಾಸ್ತಿ. "ಸಂಬಳದಲ್ಲಿ ಕಾಲು ಭಾಗ ಕೊಡಬೇಕಂತೆ" ಅನ್ನುತ್ತಾರೆ. 2017ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿವ್ವಳ ಸಂಬಳದ 25 ಪರ್ಸೆಂಟ್ ಸರಿ ಅಂದಿತ್ತು. ಕಾಯ್ದೆಯಲ್ಲಿ ಎಲ್ಲೂ ಆ ಲೆಕ್ಕವಿಲ್ಲ. "ಅರ್ಧ ಆಸ್ತಿ ಹೆಂಡತಿಗೆ ಹೋಗುತ್ತಂತೆ" ಅನ್ನುವುದು ಸಿನಿಮಾದಿಂದ ಬಂದದ್ದು. ನಮ್ಮ ಕಾನೂನಿನಲ್ಲಿ ವಿಚ್ಛೇದನವಾದರೆ ಆಸ್ತಿ ತಾನಾಗಿ ಪಾಲಾಗುವುದಿಲ್ಲ. ಹೆಂಡತಿ ದುಡಿಯುತ್ತಿದ್ದರೆ ಏನೂ ಸಿಗುವುದಿಲ್ಲ ಅನ್ನುವುದೂ ಸುಳ್ಳು, ಕೊರತೆ ಇದ್ದರೆ ಕೇಳಬಹುದು. ಹಿಂದೂ ವಿವಾಹ ಕಾಯ್ದೆಯಲ್ಲಿ ಗಂಡನೂ ಕೇಳಬಹುದು. 2020ರ ರಜನೀಶ್ ಮತ್ತು ನೇಹಾ ಪ್ರಕರಣದ ನಂತರ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಲೇಬೇಕು. ಜೀವನಾಂಶ ಲೆಕ್ಕವಾಗುವುದು ಅರ್ಜಿ ಹಾಕಿದ ದಿನದಿಂದ. ಈ ಪ್ರಮಾಣಪತ್ರವನ್ನು ಗುಮಾಸ್ತರ ಕೈಗೆ ಬಿಡದೆ ನೀವೇ ಕೂತು ತುಂಬಿಸಿ. ಮುಚ್ಚಿಟ್ಟ ಬ್ಯಾಂಕ್ ಖಾತೆ ಆಮೇಲೆ ಹೊರಬಂದರೆ ನಿಮ್ಮ ಬೇರೆ ಮಾತುಗಳನ್ನೂ ನ್ಯಾಯಾಧೀಶರು ನಂಬುವುದು ಕಷ್ಟ.

ಮಕ್ಕಳು 5 ವರ್ಷದೊಳಗಿದ್ದರೆ ಸಾಮಾನ್ಯವಾಗಿ ತಾಯಿಯ ಹತ್ತಿರ. ಅದರ ಮೇಲೆ ಮಗುವಿನ ಹಿತ ಯಾವುದು ಅನ್ನುವುದೊಂದೇ ಅಳತೆ. ಮಗುವಿನ ಜೀವನಾಂಶ ಮಗುವಿನ ಹಕ್ಕು. "ನನಗೇನೂ ಬೇಡ, ಬಿಟ್ಟರೆ ಸಾಕು" ಅಂತ ತಾಯಿ ಬರೆದುಕೊಟ್ಟರೂ ಆ ಹಕ್ಕು ಹೋಗುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆಗಳು.

"ಕೋರ್ಟಿಂದ ಸಮನ್ಸ್ ಬಂದಿದೆ, ನಾನು ಹೋಗದಿದ್ದರೆ ಕೇಸು ನಿಲ್ಲುತ್ತಾ?" ನಿಲ್ಲುವುದಿಲ್ಲ. ನಿಮ್ಮನ್ನು ಎಕ್ಸ್‌ಪಾರ್ಟಿ ಮಾಡಿ, ಅವರ ಮಾತೊಂದನ್ನೇ ಕೇಳಿ ಡಿಕ್ರಿ ಕೊಡಬಹುದು. ಆಮೇಲೆ ಅದನ್ನು ರದ್ದು ಮಾಡಿಸುವುದು ಇನ್ನೊಂದು ಕೇಸು. ಸಮನ್ಸ್ ತಗೊಳ್ಳಿ, ಮೊದಲ ತಾರೀಖಿಗೇ ಹೋಗಿ.

"ಲಾಯರ್ ಬದಲಾಯಿಸಬೇಕು, ಫೀಸು ಬಾಕಿ ಇದೆ ಅಂತ ಫೈಲ್ ಕೊಡ್ತಿಲ್ಲ." ಫೈಲು ನಿಮ್ಮದು. ಫೀಸಿಗಾಗಿ ಕಕ್ಷಿದಾರರ ಫೈಲನ್ನು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಮೊದಲು ಪತ್ರ ಬರೆದು ಕೇಳಿ. ಆಗದಿದ್ದರೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಆದರೆ ನ್ಯಾಯವಾಗಿ ಕೊಡಬೇಕಾದ ಫೀಸಿದ್ದರೆ ಕೊಟ್ಟುಬಿಡಿ ಯಜಮಾನರೇ, ಅವರೂ ಸಂಸಾರ ನಡೆಸಬೇಕು.

"ಮಗ ಅಮೆರಿಕದಲ್ಲಿದ್ದಾನೆ, ಅಲ್ಲೇ ಡೈವೋರ್ಸ್ ತಗೊಂಡರೆ ಇಲ್ಲಿ ನಡೆಯುತ್ತಾ?" ಮದುವೆ ಇಲ್ಲಿ ಹಿಂದೂ ಪದ್ಧತಿಯಲ್ಲಿ ಆಗಿದೆ ಅಂದಿರಿ. 1991ರ ನರಸಿಂಹ ರಾವ್ ಪ್ರಕರಣದ ಪ್ರಕಾರ, ನಮ್ಮ ಕಾಯ್ದೆಯಲ್ಲಿ ಇಲ್ಲದ ಕಾರಣಕ್ಕೆ, ಹೆಂಡತಿ ಮನಸಾರೆ ಆ ಕೋರ್ಟಿಗೆ ಒಪ್ಪಿಕೊಳ್ಳದೆ ಬಂದ ಡಿಕ್ರಿಗೆ ಇಲ್ಲಿ ಬೆಲೆ ಇಲ್ಲ. ಇಬ್ಬರೂ ಒಪ್ಪಿದ್ದರೆ ಇಲ್ಲಿಯೇ 13ಬಿ ಹಾಕುವುದು ಸುಲಭ. ಬರಲಾಗದಿದ್ದರೆ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಮುಖ್ತಿಯಾರ್‌ನಾಮೆ (ಪವರ್ ಆಫ್ ಅಟಾರ್ನಿ) ದೃಢೀಕರಿಸಿ ಕಳಿಸಲಿ, ವಿಡಿಯೊ ಮೂಲಕ ಹೇಳಿಕೆಗೆ ಕೋರ್ಟಿನ ಅನುಮತಿ ಕೇಳಬಹುದು.

"ಡಿಕ್ರಿ ಬಂದ ಮೇಲೆ ಏನಾದರೂ ಕೆಲಸ ಉಳಿಯುತ್ತಾ?" ಉಳಿಯುತ್ತೆ ತಾಯಿ. ದೃಢೀಕೃತ ನಕಲು ಒಂದರ ಬದಲು ಮೂರ್ನಾಲ್ಕು ತಗೊಳ್ಳಿ, ಪಾಸ್‌ಪೋರ್ಟಿಗೆ, ಬ್ಯಾಂಕಿಗೆ ಎಲ್ಲ ಕಡೆ ಕೇಳುತ್ತಾರೆ. ಜಗಳದ ಕೇಸಾಗಿದ್ದರೆ ಅಪೀಲಿನ ಅವಧಿ ಮುಗಿಯುವವರೆಗೆ ಮತ್ತೊಂದು ಮದುವೆ ಬೇಡ. ಆಮೇಲೆ ಎಲ್.ಐ.ಸಿ., ಪಿ.ಎಫ್., ಬ್ಯಾಂಕ್ ಖಾತೆ ಎಲ್ಲದರಲ್ಲೂ ನಾಮಿನಿ ಹೆಸರು ನೋಡಿ. ಡೈವೋರ್ಸ್ ಆದ ಮಾತ್ರಕ್ಕೆ ನಿಮ್ಮ ಪಾಲಿಸಿಯಲ್ಲಿ ಇರುವ ಹೆಸರು ತಾನಾಗಿ ಬದಲಾಗುವುದಿಲ್ಲ. ನೀವೇ ಹೋಗಿ ಅರ್ಜಿ ಕೊಟ್ಟು ಬದಲಿಸಬೇಕು.